ಕೋಡಿ ಎತ್ತರಿಸಬೇಡಿ, ಹೂಳು ತೆಗೆಯಿರಿ: ದೋಣಿ ಬಿಡುವ ಸಣ್ಣ ಕೆರೆಯ ಲೆಕ್ಕ

ಊರ ಕೆರೆಗೆ ವಾಕಿಂಗ್ ಟ್ರ್ಯಾಕು, ಲೈಟು, ಪೆಡಲ್ ದೋಣಿ ಬಂದ ವರ್ಷವೇ ಒಂದು ಬೇಡಿಕೆ ಶುರುವಾಗುತ್ತದೆ: ಕೆರೆ ಬೇಸಿಗೆಯಲ್ಲೂ ತುಂಬಿರಬೇಕು. ಅದಕ್ಕೆ ಎಲ್ಲರಿಗೂ ಥಟ್ಟನೆ ಹೊಳೆಯುವ ಉಪಾಯವೆಂದರೆ ಕೋಡಿಯ (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಕಟ್ಟೆಯ) ಮೇಲೆ ಒಂದು ವರಸೆ ಕಲ್ಲು ಕಟ್ಟಿ, ಇಲ್ಲವೇ ಉಸುಕಿನ ಚೀಲ ಪೇರಿಸಿ, ಒಂದಡಿ ನೀರು ಹೆಚ್ಚಿಗೆ ನಿಲ್ಲಿಸುವುದು. ಸಣ್ಣ ಕೆರೆಯ ಏರಿಗೆ (ನೀರು ತಡೆದಿರುವ ಮಣ್ಣಿನ ಒಡ್ಡಿಗೆ) ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಅಪಾಯ ಮೈಮೇಲೆ ಎಳೆದುಕೊಂಡರೂ ಬೇಸಿಗೆಯ ನೀರು ಸಿಗುವುದಿಲ್ಲ. ಇದು ಲೆಕ್ಕ ಹಾಕಿದರೆ ತಿಳಿಯುವ ಸಂಗತಿ, ಆದ್ದರಿಂದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಕಲಬುರಗಿಯ ಅಪ್ಪನ ಕೆರೆ, ಯಾದಗಿರಿಯ ಲುಂಬಿನಿ ವನದ ಕೆರೆ, ಬಸವಕಲ್ಯಾಣದ ತ್ರಿಪುರಾಂತ ಕೆರೆ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಇವಲ್ಲದೆ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ಹೆಸರಿಲ್ಲದ ಸಣ್ಣ ಕೆರೆಗಳು ಎಷ್ಟೋ ಇವೆ. ಕಾರಂಜಾ, ಬೆಣ್ಣೆತೊರಾ, ಹತ್ತಿಕುಣಿಯಂಥ ಜಲಾಶಯಗಳಿಗೆ ಎಂಜಿನಿಯರು, ಗೇಟ್ ಆಪರೇಟರು ಇರುತ್ತಾರೆ. ಸಣ್ಣ ಕೆರೆಗೆ ಬಹುತೇಕ ಯಾರೂ ಇರುವುದಿಲ್ಲ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಹೊಲ) 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಯ ಜವಾಬ್ದಾರಿ, ಊರೊಳಗಿನದಾದರೆ ನಗರಸಭೆಯೂ ಸೇರಿಕೊಳ್ಳುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು, ಜೊತೆಗೆ 10ರಿಂದ 15 ಮೀಟರಿನ ನಡುವೆ ಇದ್ದು ಉದ್ದ, ಸಂಗ್ರಹ ಇತ್ಯಾದಿಯಲ್ಲಿ ದೊಡ್ಡದೆನಿಸುವವನ್ನು ಮಾತ್ರ. ಐದಾರು ಮೀಟರ್ ಎತ್ತರದ ಮಣ್ಣಿನ ಏರಿ ಅದರೊಳಗೆ ಬರುವುದಿಲ್ಲ. ಹಾಗಾಗಿ ಅದನ್ನು ನೋಡಿಕೊಳ್ಳುವ ಜ್ಞಾನ ಊರಲ್ಲೇ ಇರಬೇಕು.

ಒಂದು ಮಾದರಿ ಕೆರೆ ತೆಗೆದುಕೊಳ್ಳೋಣ. ನೀರಿನ ಹರವು 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ. ಮಳೆನೀರು ಹರಿದುಬರುವ ಜಲಾನಯನ 2 ಚದರ ಕಿ.ಮೀ. ಕೋಡಿಯ ಉದ್ದ 10 ಮೀಟರ್. ಏರಿಯ ನೆತ್ತಿ ಕೋಡಿ ಮಟ್ಟಕ್ಕಿಂತ 1.5 ಮೀಟರ್ ಮೇಲೆ. ಈ ಒಂದೂವರೆ ಮೀಟರೇ ಕೆರೆಯ ಪ್ರಾಣ. ನೋಡುವವರಿಗೆ ಅದು ಖಾಲಿ ಜಾಗ, ವ್ಯರ್ಥ ಎತ್ತರ ಅನ್ನಿಸುತ್ತದೆ. ಅದಿರುವುದು ನೆರೆ ನೀರು ಕೋಡಿಯ ಮೇಲೆ ಏರಿ ಹಾಯಲು ಮತ್ತು ಗಾಳಿಗೆ ಏಳುವ ಅಲೆ ಏರಿಯನ್ನು ದಾಟದಿರಲು.

ಗಂಟೆಗೆ 50 ಮಿ.ಮೀ. ಮಳೆ ಬಿದ್ದು ಅದರ ಶೇ 40 ಹರಿದು ಬಂದರೆ, 2 ಚದರ ಕಿ.ಮೀ.ನಿಂದ ಸೆಕೆಂಡಿಗೆ ಸುಮಾರು 11 ಘನ ಮೀಟರ್ ನೀರು ಕೆರೆಗೆ ನುಗ್ಗುತ್ತದೆ. ಅಗಲ ನೆತ್ತಿಯ ಕೋಡಿಯಿಂದ ಹೊರಹೋಗುವ ನೀರಿಗೆ ಸೂತ್ರ ಹೀಗೆ: 1.7 ಗುಣಿಸು ಕೋಡಿಯ ಉದ್ದ ಗುಣಿಸು ನೀರಿನ ಎತ್ತರದ ಒಂದೂವರೆ ಘಾತ. ಅದರಂತೆ 11 ಘನ ಮೀಟರ್ ಹೊರಹೋಗಲು ಕೋಡಿಯ ಮೇಲೆ ಸುಮಾರು 75 ಸೆಂ.ಮೀ. ನೀರು ನಿಲ್ಲಬೇಕು. ಏರಿಯ ನೆತ್ತಿಗೆ ಇನ್ನೂ 75 ಸೆಂ.ಮೀ. ಉಳಿಯುತ್ತದೆ, ಒಂದಡಿ ಅಲೆ ಎದ್ದರೂ ತಾಳುತ್ತದೆ. ತುಂಬಿದ ಕೆರೆಯ ಲೆಕ್ಕ ಇದು, ಕೆರೆಯೊಳಗೆ ಹಿಡಿದಿಡುವ ನೀರನ್ನು ಇದರಲ್ಲಿ ಸೇರಿಸಿಲ್ಲ. ಸಣ್ಣ ಕೆರೆಗೆ ಹೀಗೆ ಲೆಕ್ಕ ಹಾಕುವುದೇ ಕ್ಷೇಮ.

ಈಗ ಕೋಡಿಯನ್ನು 30 ಸೆಂ.ಮೀ. ಎತ್ತರಿಸಿ. ಉಳಿಯುವುದು 45 ಸೆಂ.ಮೀ. ಅದೇ ಹೊತ್ತಿಗೆ ಅಂತರಗಂಗೆ, ಮುಳ್ಳುಕಂಟಿ, ಪ್ಲಾಸ್ಟಿಕ್ಕು ಬಂದು ಅರ್ಧ ಕೋಡಿಗೆ ಅಡ್ಡ ಕೂತಿತು ಅನ್ನಿ. ಹರಿಯುವ ಉದ್ದ 5 ಮೀಟರಿಗೆ ಇಳಿದಾಗ ಅಷ್ಟೇ ನೀರು ಹೋಗಲು 1.2 ಮೀಟರ್ ಎತ್ತರ ಬೇಕು. ಎತ್ತರಿಸಿದ 30 ಸೆಂ.ಮೀ. ಸೇರಿಸಿದರೆ 1.5 ಮೀಟರ್. ನೀರು ನೇರ ಏರಿಯ ನೆತ್ತಿಗೆ ಬಂತು. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ಶುರುವಾದರೆ ಹೊರಮೈಯಲ್ಲಿ ಕೊರಕಲು ಬಿದ್ದು, ಅದು ಕೆಳಗಿನಿಂದ ಮೇಲಕ್ಕೆ ತಿನ್ನುತ್ತಾ ಬಂದು, ಏರಿ ಸೀಳುತ್ತದೆ. ಜಲಾನಯನದಲ್ಲಿ ಲೇಔಟುಗಳೆದ್ದು ಶೇ 40ರ ಬದಲು ಶೇ 70 ಹರಿದುಬರುವಂತಾದರೆ ನೆರೆ 11 ಅಲ್ಲ, 19 ಘನ ಮೀಟರ್ ದಾಟುತ್ತದೆ. ಆಗ ಏನೂ ಅಡ್ಡವಿಲ್ಲದ ಪೂರ್ತಿ ಕೋಡಿಗೇ 1.1 ಮೀಟರ್ ಬೇಕು. ಊರು ಬೆಳೆದ ಕಡೆಯೆಲ್ಲ ಕೋಡಿಯನ್ನು ಉದ್ದ ಮಾಡಬೇಕಾದ ಕಾಲದಲ್ಲಿ ಎತ್ತರಿಸಲು ಹೊರಡುವುದು ತೀರಾ ಉಲ್ಟಾ ಕೆಲಸ.

ಇನ್ನು ಲಾಭದ ಕಡೆ. ನಮ್ಮ ಕಡೆಯ ಬಿಸಿಲಿಗೆ ಏಪ್ರಿಲ್-ಮೇ ತಿಂಗಳಲ್ಲಿ ತೆರೆದ ನೀರು ದಿನಕ್ಕೆ 8 ಮಿ.ಮೀ. ಆಸುಪಾಸು ಆವಿಯಾಗುತ್ತದೆ, ಬಿಸಿಗಾಳಿ ಬೀಸಿದ ದಿನ 10ಕ್ಕೂ ಹೋಗುತ್ತದೆ. 10 ಹೆಕ್ಟೇರಿಗೆ ಅದು ದಿನಕ್ಕೆ 800 ಘನ ಮೀಟರ್, ಅಂದರೆ 8 ಲಕ್ಷ ಲೀಟರ್. ಕೋಡಿ ಎತ್ತರಿಸಿ ಗಳಿಸಿದ 30 ಸೆಂ.ಮೀ. ಮೂವತ್ತೆಂಟು ದಿನದಲ್ಲಿ ಮುಗಿಯಿತು, ಅದೂ ಜಿನುಗುವ ನೀರು ಲೆಕ್ಕಕ್ಕೆ ಹಿಡಿಯದೆ. ಇನ್ನೊಂದು ವಿಷಯವೂ ಇದೆ. ನೀರು ಕೋಡಿ ಮಟ್ಟದಲ್ಲಿ ಇರುವುದು ಅಕ್ಟೋಬರಿನಲ್ಲಿ. ಬೇಸಿಗೆ ರಜೆಗೆ ಮಕ್ಕಳು ದೋಣಿ ಏರುವ ಹೊತ್ತಿಗೆ ನವೆಂಬರಿನಿಂದ ಮಾರ್ಚ್ ತನಕ ದಿನಕ್ಕೆ 5 ಮಿ.ಮೀ. ಹಿಡಿದರೂ 75 ಸೆಂ.ಮೀ. ಆಗಲೇ ಹೋಗಿರುತ್ತದೆ. ಮೇಲೆ ನಿಲ್ಲಿಸಿದ ನೀರು ಮೊದಲು ಆರುತ್ತದೆ, ಉಳಿಯುವುದು ಆಳದ್ದು. ಮೇಲಾಗಿ ಕೋಡಿ ಎತ್ತರಿಸಿದರೆ ನೀರು ಹಿಂದಿನ ಹೊಲಗಳ ಮೇಲೆ ತೆಳ್ಳಗೆ ಹರಡಿ ಹರವು ಹೆಚ್ಚುತ್ತದೆ, ಆವಿಯೂ ಹೆಚ್ಚುತ್ತದೆ, ಹೊಲದವರ ಜೊತೆ ತಕರಾರೂ ಹುಟ್ಟುತ್ತದೆ.

ಏರಿಯ ಮಣ್ಣಿನ ವಿಷಯಕ್ಕೆ ಬಂದರೆ ಮೂರು ಜಿಲ್ಲೆಯದೂ ಒಂದೇ ಕಥೆಯಲ್ಲ. ಕಲಬುರಗಿ ಕಡೆಯ ಎರೆ ಮಣ್ಣು ನೀರು ಹಿಡಿಯುವುದರಲ್ಲಿ ಬಲು ಗಟ್ಟಿ, ಏರಿಯ ನಡುವಿನ ತಿರುಳಿಗೆ ಒಳ್ಳೆಯದು. ಆದರೆ ಒಣಗಿದಾಗ ಬಿರಿಯುತ್ತದೆ. ಮೇ ತಿಂಗಳಲ್ಲಿ ಏರಿಯ ನೆತ್ತಿಯ ಮೇಲೆ ಉದ್ದಕ್ಕೆ ಬಿದ್ದ ಬಿರುಕಿಗೆ ಒಂದು ಕಡ್ಡಿ ಇಳಿಸಿ ನೋಡಿ, ಎರಡಡಿ ಸಲೀಸಾಗಿ ಹೋಗುವುದುಂಟು. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿನೊಳಗೆ ಇಳಿದು ಮಣ್ಣು ಉಬ್ಬಿ ಮೆತ್ತಗಾಗಿ ಒಳಮೈ ಜಾರುತ್ತದೆ. ಅದಕ್ಕೆ ತಿರುಳಿನ ಸುತ್ತ ಗರಸಿನ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ) ಹೊದಿಕೆ ಬೇಕು, ನೆತ್ತಿಯ ಮೇಲೂ ಒಂದೂವರೆ ಅಡಿ ಗರಸು ಇರಬೇಕು. ಬಿರುಕು ಮುಚ್ಚುವಾಗ ಮೇಲೆ ಮಣ್ಣು ಸುರಿದು ಕೈತೊಳೆದುಕೊಳ್ಳಬಾರದು. ಬಿರುಕು ಮುಗಿಯುವ ತನಕ ಅಗಲವಾಗಿ ತೋಡಿ, ಹದ ತೇವದ ಮಣ್ಣನ್ನು ಅರ್ಧರ್ಧ ಅಡಿಯಂತೆ ಹಾಕಿ ಧಮ್ಮಸ್ಸು ಮಾಡಬೇಕು, ಅಂದರೆ ಗುದ್ದಿ ಗಟ್ಟಿಗೊಳಿಸಬೇಕು. ಹದ ಅಂದರೆ, ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಜಾರಿದ ಇಳಿಜಾರಿಗೆ ಹೊಸ ಮಣ್ಣು ಹಾಕುವ ಮೊದಲು ಹಳೆ ಮೈಯನ್ನು ಒಂದೊಂದಡಿ ಮೆಟ್ಟಿಲಿನಂತೆ ಕಡಿಯಬೇಕು, ಇಲ್ಲದಿದ್ದರೆ ಹೊಸದು ಹಳೆಯದರ ಮೇಲೆ ಕೂರದೆ ಮತ್ತೆ ಜಾರುತ್ತದೆ. ಎರೆ ಮಣ್ಣಿನ ಏರಿಯ ಒಳಮೈ 1 ಅಡಿ ಎತ್ತರಕ್ಕೆ ಎರಡೂವರೆಯಿಂದ ಮೂರಡಿ ಇಳಿಜಾರು ಇದ್ದರೆ ನೆಮ್ಮದಿ.

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ತೂತು ತೂತು. ನೀರು ಅದರೊಳಗೆ ಇಳಿದು ಕೆಳಗಿನ ಗಟ್ಟಿ ಕಪ್ಪು ಕಲ್ಲಿನ ಮೇಲೆ ಹರಿಯುತ್ತದೆ. ನೌಬಾದಿನ ಸುರಂಗ ಬಾವಿ ಕಟ್ಟಿದವರು ಈ ಗುಣವನ್ನೇ ಬಳಸಿಕೊಂಡರು. ಕೆರೆ ಕಟ್ಟುವವರಿಗೆ ಇದೇ ಗುಣ ಕಾಟ. ಏರಿ ಗಟ್ಟಿಯಿದ್ದೂ ಕೆರೆ ಸೋರುತ್ತಿದ್ದರೆ ಏರಿಯ ಕೆಳಗಿನ ಜಂಬಿಟ್ಟಿಗೆಯಲ್ಲಿ ಹುಡುಕಬೇಕು, ಸೋರಿಕೆ ತಡೆಯಲು ಏರಿಯ ಅಡಿಯಲ್ಲಿ ತೋಡಿ ಜೇಡಿ ತುಂಬಿದ ಕಾಲುವೆ ಆ ಪದರವನ್ನು ದಾಟಿ ಇಳಿದಿದೆಯೇ ನೋಡಬೇಕು. ಅಂಥ ಕಡೆ ಹೂಳು ತೆಗೆಯುವಾಗ ತಳದ ಕೊನೆಯ ಒಂದಡಿ ಜೇಡಿಯನ್ನು ಬಿಡಿ. ಅದೇ ಕೆರೆಯ ಮುಚ್ಚಳ. ಅದನ್ನೂ ಕೆರೆದು ಸ್ವಚ್ಛ ಮಾಡಿದರೆ ಮರುವರ್ಷ ನೀರು ನಿಲ್ಲುವುದಿಲ್ಲ. ಯಾದಗಿರಿ ಕಡೆ ಗ್ರಾನೈಟ್ ಬಂಡೆಗೆ ಏರಿಯನ್ನು ಆನಿಸಿ ಕಟ್ಟಿರುವಲ್ಲಿ ಬಂಡೆ ಮತ್ತು ಮಣ್ಣು ಕೂಡುವ ಗೆರೆಯಲ್ಲೇ ಜಿನುಗು ಶುರುವಾಗುತ್ತದೆ, ತಪಾಸಣೆ ಅಲ್ಲಿಂದ ಆರಂಭವಾಗಲಿ.

ಜಿನುಗು ನೀರು ಕಂಡಕೂಡಲೇ ಗಾಬರಿ ಬೇಡ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ನೋಡಬೇಕಾದ್ದು ನೀರಿನ ಬಣ್ಣ. ಏರಿಯ ಹೊರಬುಡದಲ್ಲಿ ಬರುವ ನೀರನ್ನು ಪಾರದರ್ಶಕ ನೀರಿನ ಬಾಟಲಿಗೆ ತುಂಬಿ ಒಂದು ತಾಸು ಅಲುಗಿಸದೆ ಇಡಿ. ತಳದಲ್ಲಿ ಮಣ್ಣಿನ ಗೆರೆ ಕೂತರೆ ಏರಿಯ ಒಳಗಿನ ಮಣ್ಣು ತೊಳೆದು ಹೊರಬರುತ್ತಿದೆ ಎಂದರ್ಥ, ಅದೇ ದಿನ ಎಂಜಿನಿಯರಿಗೆ ತಿಳಿಸಬೇಕು. ತಿಳಿಯಾಗಿದ್ದರೆ ಅಳತೆ ಇಡಿ. ಬುಡದ ಚರಂಡಿಗೆ 90 ಡಿಗ್ರಿಯ 'ವಿ' ಆಕಾರದ ಕಚ್ಚು ಕತ್ತರಿಸಿದ ತಗಡು ಅಡ್ಡ ನಿಲ್ಲಿಸಿ, ಕಚ್ಚಿನ ಮೂಲೆಯಿಂದ ನೀರಿನ ಎತ್ತರ 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್, 10 ಸೆಂ.ಮೀ. ಇದ್ದರೆ ಸುಮಾರು 4.4 ಲೀಟರ್. ಕೆರೆಯ ಮಟ್ಟ ಅಷ್ಟೇ ಇದ್ದು ಜಿನುಗು ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಒಳಗೆ ದಾರಿ ಅಗಲವಾಗುತ್ತಿದೆ.

ಮಣ್ಣು ಬರುತ್ತಿರುವ ಬಾಯಿಗೆ ಜೇಡಿಯನ್ನೋ ಸಿಮೆಂಟನ್ನೋ ತುರುಕಿ ಮುಚ್ಚುವ ತಪ್ಪನ್ನು ಮಾತ್ರ ಯಾರೂ ಮಾಡಬಾರದು. ಅಲ್ಲಿ ಮುಚ್ಚಿದ ನೀರು ಪಕ್ಕದಲ್ಲಿ ಇನ್ನೂ ಜೋರಾಗಿ ಒಡೆದುಕೊಳ್ಳುತ್ತದೆ. ಬಾಯಿಯ ಮೇಲೆ ಮೊದಲು ಅರ್ಧ ಅಡಿ ಉಸುಕು, ಅದರ ಮೇಲೆ ಅರ್ಧ ಅಡಿ ಸಣ್ಣ ಖಡಿ, ಮೇಲೆ ದಪ್ಪ ಕಲ್ಲು ಪೇರಿಸಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಜೊತೆಗೆ ತೂಬು (ಏರಿಯ ಅಡಿಯಿಂದ ನೀರು ಹೊರಬಿಡುವ ಬಾಗಿಲು) ತೆರೆದು ಕೆರೆಯ ಮಟ್ಟ ಇಳಿಸಬೇಕು.

ಬಳ್ಳಾರಿ ಜಾಲಿ ಏರಿಯ ಮೇಲೆ ಸಸಿಯಾಗಿರುವಾಗಲೇ ಬೇರು ಸಹಿತ ಕೀಳಬೇಕು. ತೊಡೆ ಗಾತ್ರದ ಮರವಾದ ಮೇಲೆ ಕಡಿದರೆ ಒಳಗಿನ ಬೇರು ಕೊಳೆತು ಅಲ್ಲೇ ನೀರಿಗೆ ಕೊಳವೆ ಸಿದ್ಧವಾಗುತ್ತದೆ. ಕಡಿಯಲೇಬೇಕಾದರೆ ಬೇಸಿಗೆಯಲ್ಲಿ, ನೀರು ಕೆಳಗಿರುವಾಗ, ಬೇರಿನ ಬುಡ ತೋಡಿ ಹದ ಮಣ್ಣಿನಿಂದ ಧಮ್ಮಸ್ಸು ಮಾಡಿಯೇ ಮುಗಿಸಬೇಕು. ಹೆಗ್ಗಣದ ಬಿಲ, ಏಡಿ ತೂತಿಗೂ ಅದೇ ಮದ್ದು. ಏರಿಗೆ ಗರಿಕೆ ಹುಲ್ಲೇ ಸಾಕು. ಸೌಂದರ್ಯಕ್ಕೆಂದು ಗುಲ್‌ಮೊಹರ್, ಅಶೋಕ ನೆಡುವುದಿದ್ದರೆ ಹೊರಬುಡದಿಂದ ಆಚೆಗೆ ಹತ್ತು ಮೀಟರ್ ಬಿಟ್ಟು ನೆಡಿ.

ತೂಬು ವರ್ಷಗಟ್ಟಲೆ ತೆರೆಯದೆ ಕೂತಿರುವುದು ಸಣ್ಣ ಕೆರೆಗಳ ದೊಡ್ಡ ಕಾಯಿಲೆ. ಹೊಲಕ್ಕೆ ನೀರು ಬಿಡುವುದು ನಿಂತು, ಕೆರೆ ಬರೀ ವಿಹಾರಕ್ಕಾದಾಗ ತೂಬು ಯಾರಿಗೂ ನೆನಪಿರುವುದಿಲ್ಲ. ಆದರೆ ಮಟ್ಟ ಇಳಿಸಲು ಕೈಯಲ್ಲಿರುವ ಸಾಧನ ಅದೊಂದೇ. ಮೇ ಕೊನೆಯೊಳಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸ್ಕ್ರೂ ಗೇಟನ್ನು ಪೂರ್ತಿ ಮೇಲೆತ್ತಿ ಇಳಿಸಬೇಕು. ಗೇಟು ಎತ್ತುವ ಸ್ಕ್ರೂ ದಂಡಕ್ಕೆ ಗ್ರೀಸ್, ಮುಂದಿನ ಸರಳಿನ ಜಾಲರಿಗೆ ಸ್ವಚ್ಛತೆ, ಎಷ್ಟು ಸುತ್ತಿಗೆ ಎಷ್ಟು ತೆರೆಯಿತು ಎಂಬುದಕ್ಕೆ ಗೋಡೆ ಮೇಲೆ ಬಣ್ಣದಲ್ಲಿ ಬರಹ. ಬಿಗಿದುಕೊಂಡಿದ್ದರೆ ಉದ್ದ ಪೈಪು ಸಿಕ್ಕಿಸಿ ನಾಲ್ಕು ಜನ ತಿರುಗಿಸಬೇಡಿ, ದಂಡ ಬಾಗಿದರೆ ಮಳೆಗಾಲವಿಡೀ ತೂಬು ಇಲ್ಲದಂತಾಗುತ್ತದೆ. ತೂಬಿನ ಕೊಳವೆ ಏರಿಯ ಅಡಿಯಲ್ಲಿ ಹಾಯುತ್ತದೆ. ತೂಬು ಮುಚ್ಚಿದ್ದಾಗಲೂ ಕೊಳವೆಯ ಹೊರಗೋಡೆಯ ಗುಂಟ ನೀರು ಬರುತ್ತಿದ್ದರೆ ಅದು ಗೇಟಿನ ಸೋರಿಕೆಯಲ್ಲ, ಏರಿಯದು.

30 ಸೆಂ.ಮೀ. ವ್ಯಾಸದ ತೂಬು, ಮೇಲೆ 2 ಮೀಟರ್ ನೀರು ಇದ್ದಾಗ, ಪೂರ್ತಿ ತೆರೆದರೆ ದಿನಕ್ಕೆ ಸುಮಾರು 23,000 ಘನ ಮೀಟರ್ ಬಿಡುತ್ತದೆ. ನಮ್ಮ ಮಾದರಿ ಕೆರೆಯಲ್ಲಿ ಅದು ದಿನಕ್ಕೆ 23 ಸೆಂ.ಮೀ. ಇಳಿತ. ದಿನಕ್ಕೆ ಒಂದಡಿಗಿಂತ ಬೇಗ ಇಳಿಸಬಾರದು, ಎರೆ ಮಣ್ಣಿನ ಏರಿಯಾದರೆ ಅರ್ಧ ಅಡಿಯೇ ಸಾಕು. ಮೈಯೊಳಗೆ ನೆನೆದ ನೀರು ಹೊರಬರುವ ಮೊದಲೇ ಮುಂದಿನ ನೀರಿನ ಆಸರೆ ಹೋದರೆ ಒಳಮೈ ಕುಸಿಯುತ್ತದೆ.

ಯಾವಾಗ ಇಳಿಸಬೇಕು? ನಮ್ಮ ಭಾಗದ ದೊಡ್ಡ ಮಳೆ ಜೂನಿನದಲ್ಲ. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಕೆರೆ ಅರ್ಧ ಮುಕ್ಕಾಲು ತುಂಬಿರುವಾಗ ಅದು ಬರುತ್ತದೆ. 2020ರ ಅಕ್ಟೋಬರ್ ನಡುವಿನಲ್ಲಿ, ಚಿತ್ತಿ ಮಳೆಗೆ ಭೀಮೆ ಉಕ್ಕಿದ್ದು ಕಲಬುರಗಿ, ಯಾದಗಿರಿಯವರಿಗೆ ನೆನಪಿದೆ. ಆದ್ದರಿಂದ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದ ತನಕ ಕೆರೆಯನ್ನು ಕೋಡಿಗಿಂತ ಒಂದಡಿ ಕೆಳಗೆ ಇಟ್ಟುಕೊಳ್ಳುವುದು ನಮ್ಮ ಸಲಹೆ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಬಂದರೆ ತೂಬು ತೆರೆದು, ಸಿಕ್ಕ ಸಮಯದಲ್ಲಿ ಮೇಲಿನ ಮಿತಿಯೊಳಗೇ ಇನ್ನಷ್ಟು ಇಳಿಸಬೇಕು. ಅರ್ಧ ಮೀಟರ್ ಖಾಲಿ ಇದ್ದರೆ 50,000 ಘನ ಮೀಟರ್ ಜಾಗ, ಮೇಲಿನ ಶೇ 40ರ ಲೆಕ್ಕದಲ್ಲಿ 62 ಮಿ.ಮೀ. ಮಳೆಯ ನೀರನ್ನು ಕೋಡಿ ಬೀಳದಂತೆ ನುಂಗುತ್ತದೆ. ಬರ ಕಂಡ ಸೀಮೆಯಲ್ಲಿ ನೀರು ಬಿಡಿ ಅನ್ನುವುದು ಕಷ್ಟದ ಮಾತು ಎಂದು ಗೊತ್ತಿದೆ. ಆದರೆ ಏರಿ ಒಡೆದರೆ ಹೋಗುವುದು ಒಂದಡಿ ನೀರಲ್ಲ. ಬಿಡುವ ಮೊದಲು ಹಳ್ಳದ ಕೆಳಗಿನ ಊರವರಿಗೆ ಹೇಳಿ, ದನ ಮೇಯಿಸುವವರು, ಪಂಪ್‌ಸೆಟ್ ಇಟ್ಟವರು ಅಲ್ಲಿರುತ್ತಾರೆ. ಮಟ್ಟ ತಿಳಿಯಲು ತೂಬಿನ ಗೋಡೆಗೆ ಸೆಂ.ಮೀ. ಗುರುತಿನ ಪಟ್ಟಿ, ಕೋಡಿ ಮಟ್ಟಕ್ಕೆ ಕೆಂಪು ಗೆರೆ ಹಾಕಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದಿಡಲು ಇನ್ನೂರು ಪುಟದ ನೋಟ್‌ಬುಕ್ಕು ಸಾಕು.

ವಿಹಾರದ ಕಾಮಗಾರಿಗಳೇ ಏರಿಗೆ ಪೆಟ್ಟು ಕೊಡುವುದೂ ಇದೆ. ಏರಿಯ ನೆತ್ತಿಯ ಉದ್ದಕ್ಕೂ ಕೇಬಲ್ಲಿಗೆಂದು ಕಾಲುವೆ ತೋಡಿ ಸಡಿಲ ಮಣ್ಣು ಮುಚ್ಚಿದರೆ, ಅದು ನಾವೇ ಮಾಡಿಟ್ಟ ಬಿರುಕು. ಕೇಬಲ್ಲನ್ನು ಕಠಡೆಯ ಪೈಪಿನೊಳಗೆ ಮೇಲೆಯೇ ಒಯ್ಯಿರಿ. ದೀಪದ ಕಂಬ, ಹೋಟೆಲ್ ಕಟ್ಟೆ, ಶೌಚಾಲಯ ಎಲ್ಲ ಏರಿಯಿಂದ ಆಚೆ, ಗಟ್ಟಿ ನೆಲದ ಮೇಲೆ. ಟ್ರ್ಯಾಕಿಗೆ ಶಹಾಬಾದ್ ಫರ್ಸಿ ಹಾಕುವುದಾದರೆ ನುಣುಪು ಮಾಡದ ಒರಟು ಮೈಯದು ಇರಲಿ, ಪಾಲಿಶ್ ಆದದ್ದು ಮಳೆಯಲ್ಲಿ ಜಾರುತ್ತದೆ. ಟ್ರ್ಯಾಕಿನ ಇಳಿಜಾರು ಕೆರೆಯ ಕಡೆಗೆ ಮೀಟರಿಗೆ 2 ಸೆಂ.ಮೀ. ಇರಲಿ. ಹೊರಗಡೆಗೆ ಕೊಟ್ಟರೆ ಒಂದೇ ಮಳೆಗಾಲದಲ್ಲಿ ಹೊರಮೈಗೆ ಕೊರಕಲು ಬೀಳುತ್ತದೆ. ಒಳಮೈಗೆ ಹಾಸುವ ಕಲ್ಲಿಗೆ ಮಾತ್ರ ಫರ್ಸಿ ಬೇಡ, ಚಪ್ಪಟೆ ಕಲ್ಲು ಅಲೆಗೆ ಜಾರಿ ಕೆಳಗೆ ಕೂಡುತ್ತದೆ. ಒಂದಡಿ ದಪ್ಪದ ಒರಟು ಕಪ್ಪು ಕಲ್ಲು, ಅದರಡಿ ಅರ್ಧ ಅಡಿ ಖಡಿ-ಉಸುಕು ಬೇಕು. ಖಡಿ ಇಲ್ಲದಿದ್ದರೆ ಅಲೆ ಕಲ್ಲಿನ ಸಂದಿಯಿಂದ ಮಣ್ಣನ್ನು ಹೀರಿ ತೆಗೆಯುತ್ತದೆ.

ದೋಣಿಕಟ್ಟೆಯನ್ನು ಸ್ಥಿರ ಕಾಂಕ್ರೀಟಿನಲ್ಲಿ ಕಟ್ಟಿದರೆ ಫೆಬ್ರುವರಿಗೆ ನೀರು ಕಟ್ಟೆಯಿಂದ ದೂರ, ಕೆಳಗೆ ಹೋಗಿರುತ್ತದೆ. ತೇಲುವ ಪ್ಲಾಸ್ಟಿಕ್ ಡಬ್ಬಿಗಳ ಕಟ್ಟೆ, ಅದಕ್ಕೆ ಕೀಲಿನ ಸೇತುವೆ ಇದ್ದರೆ ನೀರಿನ ಜೊತೆ ಇಳಿದು ಏರುತ್ತದೆ. ಅದರ ಲಂಗರನ್ನು ಏರಿಗೆ ಬಿಗಿಯಬೇಡಿ. ಕೋಡಿ ಮತ್ತು ತೂಬಿನ ಮುಂದೆ ಕನಿಷ್ಠ 20 ಮೀಟರ್ ದೂರದಲ್ಲಿ ತೇಲುಬುರುಡೆಗಳ ಹಗ್ಗ ಎಳೆಯಬೇಕು, ಅದೇ ಹಗ್ಗ ಅಂತರಗಂಗೆಯನ್ನೂ ತಡೆಯುತ್ತದೆ. ಕೋಡಿಯ ಮೇಲೆ ನೀರು ಹಾಯುತ್ತಿರುವ ದಿನ ದೋಣಿ ಬಂದ್. ಮೇ-ಜೂನಿನ ಸಂಜೆ ಗಾಳಿ ಎದ್ದು ಗುಡುಗು ಕೇಳಿದಾಗಲೂ ಬಂದ್. ಲೈಫ್ ಜಾಕೆಟ್ಟಿನ ಬೆಲ್ಟು ದೋಣಿಕಟ್ಟೆಯ ಮೇಲೆಯೇ ಬಿಗಿಯಬೇಕು, ಮಕ್ಕಳ ಅಳತೆಯವು ಬೇರೆ ಇರಬೇಕು. ಕೆರೆಯ ನಾಲ್ಕೂ ಕಡೆ ನೆಟ್ಟಗೆ ಗೋಡೆ ಕಟ್ಟಬೇಡಿ. ನೀರಿಗೆ ಬಿದ್ದವರು ಹತ್ತಿ ಬರಲು ಇಳಿಜಾರು ಬೇಕು, ಹಕ್ಕಿಗಳಿಗೂ ಮೊಣಕಾಲುದ್ದದ ನೀರಿನ ಅಂಚು ಬೇಕು. ಸುರಪುರದ ಬೋನಾಳ ಕೆರೆಗೆ ಅಷ್ಟು ಹಕ್ಕಿ ಬರುವುದು ಅಂಥ ಅಂಚಿಗೇ.

ಊರಿನ ಗಟಾರದ ನೀರು ಸೇರುವ ಕೆರೆಯಲ್ಲಿ ಕಾರಂಜಿ ಹಾಕಿ ಏನೂ ಸುಧಾರಿಸುವುದಿಲ್ಲ. ಮೋಡ ಕವಿದ ಮುಂಜಾವಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ತೀರಿದೆ. ಗಟಾರವನ್ನು ಬೇರೆ ಕಡೆ ತಿರುಗಿಸದೆ ಅದಕ್ಕೆ ಮದ್ದಿಲ್ಲ.

ಬೇಸಿಗೆಯ ನೀರಿಗೆ ಉಳಿಯುವ ದಾರಿ ಹೂಳು ತೆಗೆಯುವುದು. ಇಡೀ 10 ಹೆಕ್ಟೇರನ್ನು ಒಂದು ಮೀಟರ್ ತೋಡಿದರೆ 1 ಲಕ್ಷ ಘನ ಮೀಟರ್, 10 ಘನ ಮೀಟರಿನ ಟಿಪ್ಪರಿಗೆ ಹತ್ತು ಸಾವಿರ ಟ್ರಿಪ್ಪು. ಅಷ್ಟಕ್ಕೆ ಹೋಗುವುದು ಬೇಡ. ದೋಣಿ ಓಡಾಡುವ 2 ಹೆಕ್ಟೇರ್ ಸಾಕು, ಅದು ಎರಡು ಸಾವಿರ ಟ್ರಿಪ್ಪು. ಪೆಡಲ್ ದೋಣಿಗೆ ತಳದಲ್ಲಿ ಒಂದು ಮೀಟರ್ ನೀರಿದ್ದರೆ ಧಾರಾಳ, ಆ ಎರಡು ಹೆಕ್ಟೇರಿನಲ್ಲಿ ಉಳಿದ ಒಂದು ಮೀಟರ್ ನೀರು ಬೇಸಿಗೆ ದಾಟಿಸುತ್ತದೆ. ಏರಿಯ ಒಳಬುಡದಿಂದ ಕನಿಷ್ಠ 15 ಮೀಟರ್ ಬಿಟ್ಟೇ ತೋಡಬೇಕು, ಬುಡ ಬಗೆದರೆ ಏರಿ ಒಳಗೆ ಜಾರುತ್ತದೆ. ತೋಡಿದ ಅಂಚನ್ನು ನೆಟ್ಟಗೆ ಬಿಡದೆ 1ಕ್ಕೆ 4ರ ಇಳಿಜಾರು ಕೊಡಿ, ಮುಳುಗಿ ಸಾಯುವುದು ಹೆಚ್ಚಾಗಿ ಇಂಥ ಕಾಣದ ಗುಂಡಿಗಳಲ್ಲೇ. ಹಳ್ಳ ಕೆರೆ ಸೇರುವ ಬಾಯಿಯಲ್ಲಿ ಕಲ್ಲಿನ ಅಡ್ಡಗೋಡೆ ಹಾಕಿ ಒಂದು ಸಣ್ಣ ಹೂಳುಗುಂಡಿ ಮಾಡಿದರೆ ಹೂಳು ಅಲ್ಲೇ ಕೂರುತ್ತದೆ, ಪ್ರತಿ ಏಪ್ರಿಲಿನಲ್ಲಿ ಜೆಸಿಬಿ ತಂದು ಎರಡು ಮೂರು ದಿನದಲ್ಲಿ ಬಾಚಬಹುದು. ಹೂಳನ್ನು ಏರಿಯ ಮೇಲೆ ಸುರಿದು ಏರಿ ಎತ್ತರಿಸಬೇಡಿ, ಮೆತ್ತನೆ ಹೂಳು ಏರಿಗೆ ಭಾರವೇ ಹೊರತು ಬಲವಲ್ಲ. ಗಟಾರದ ನೀರು ಸೇರದ ಕೆರೆಯದಾದರೆ ರೈತರು ಟ್ರ್ಯಾಕ್ಟರ್ ತಂದು ಹೊಲಕ್ಕೆ ಒಯ್ಯುತ್ತಾರೆ, ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಮೊದಲು ಕೊಡಿ. ಕೆಲಸ ರೋಹಿಣಿ ಮಳೆಗೆ ಮುಂಚೆ ಮುಗಿಯಬೇಕು, ಟಿಪ್ಪರ್ ಓಡಾಡಿ ಏರಿಯ ನೆತ್ತಿ ತಗ್ಗಾಗಿದ್ದರೆ ಗುತ್ತಿಗೆದಾರರ ಬಿಲ್ಲು ಪಾಸಾಗುವ ಮುನ್ನವೇ ಗರಸು ಹಾಕಿಸಿ ಮಟ್ಟ ಮಾಡಿಸಿಕೊಳ್ಳಿ.